ಕೆಂಡ ಹೊತ್ತ ಮುಚ್ಚಳದಿಂದ ಓವನ್ನಿನವರೆಗೆ: ಪುಣೆಗೆ ಬಂದ ಪೀಚ್ ಕಾಬ್ಲರ್

ಪುಣೆಯಲ್ಲಿ ಮಾವಿನ ದರಬಾರು ಮುಗಿಯುವುದು ಜೂನ್ ಮೊದಲ ವಾರಕ್ಕೆ. ಒಂದು ದೊಡ್ಡ ಮಳೆ ಬಿದ್ದರೆ ಸಾಕು, ನಿನ್ನೆಯವರೆಗೆ ರತ್ನಾಗಿರಿ, ದೇವಗಡ ಎಂದು ಪೆಟ್ಟಿಗೆ ಬಿಚ್ಚಿ ತೋರಿಸುತ್ತಿದ್ದ ಹಣ್ಣಿನವರು ಹಾಪೂಸನ್ನು ಮೂಲೆಗೆ ಸರಿಸುತ್ತಾರೆ. ಆ ಜಾಗಕ್ಕೆ ಉತ್ತರದ ಹಣ್ಣುಗಳು ಬಂದು ಕೂರುತ್ತವೆ: ಲಿಚಿ, ಚೆರಿ, ಆಲೂಬುಖಾರ, ನಡುವೆ ಕೆನ್ನೆ ಕೆಂಪಾದ ಪೀಚ್. ಆಳಂದಿಯಿಂದ ಜ್ಞಾನೇಶ್ವರರ, ದೇಹೂವಿನಿಂದ ತುಕಾರಾಮರ ಪಾಲಖಿಗಳು ಊರಿಗೆ ಬಂದು ತಂಗುವ ದಿನಗಳೂ ಹೆಚ್ಚುಕಡಿಮೆ ಇವೇ. ಪಾಲಖಿಯೊಂದಿಗೆ ನಡೆದುಬರುವ ವಾರಕರಿಗಳಿಗೆ ಬಾಳೆಹಣ್ಣು ಹಂಚುವವರು, ಮನೆಗೆ ಪೀಚ್ ಒಯ್ಯುವವರು ಒಂದೇ ಗಾಡಿಯ ಮುಂದೆ ನಿಂತಿರುತ್ತಾರೆ.

ಪೀಚ್ ಕೊಂಡವರಲ್ಲಿ ಹೆಚ್ಚಿನವರಿಗೆ ಮೊದಲ ತುತ್ತಿಗೇ ನಿರಾಸೆ. ಬಣ್ಣ ನೋಡಿ ಜೇನಿನಂಥ ಸಿಹಿ ಇರಬೇಕೆಂದು ಎಣಿಸಿದರೆ, ಹಲ್ಲಿಗೆ ಸಿಗುವುದು ಗಟ್ಟಿ ಹುಳಿ. ಉಳಿದವು ಫ್ರಿಜ್ಜಿನ ಕೆಳಗಿನ ಡಬ್ಬಿ ಸೇರುತ್ತವೆ, ಒಂದು ವಾರದ ಮೇಲೆ ಸುಕ್ಕುಗಟ್ಟಿ ಕಸದ ಬುಟ್ಟಿ ಸೇರುತ್ತವೆ. ಮಾರ್ಕೆಟ್ ಯಾರ್ಡ್ ಕಡೆ ಹಣ್ಣು ಮಾರುವ ಕಲಬುರಗಿ ಸೀಮೆಯ ಹೆಂಗಸೊಬ್ಬರು ನನ್ನ ಕನ್ನಡ ಕೇಳಿ ತೂಕದ ಕಲ್ಲು ಕೆಳಗಿಟ್ಟರು: "ಅಕ್ಕೋರೆ, ಇವು ಇವತ್ತ ತಿನ್ನಾಕ ಬರಂಗಿಲ್ರೀ. ನಾಕ ದಿನ ಅಕ್ಕಿ ಡಬ್ಬ್ಯಾಗ ಇಡ್ರಿ. ಇಲ್ಲಂದ್ರ ಕುದಿಸ್ರಿ." ವ್ಯಾಪಾರದ ಮಾತಲ್ಲಿ ಇಷ್ಟು ಪ್ರಾಮಾಣಿಕತೆ ಅಪರೂಪ. ಕುದಿಸುವುದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಬೇಯಿಸಿದರೆ ಅದೇ ಕಾಬ್ಲರ್.

ಕಾಬ್ಲರ್ ಎಂದರೆ ಬಹಳ ಸರಳ ಅಡುಗೆ. ಹೆಚ್ಚಿದ ಹಣ್ಣಿಗೆ ಸಕ್ಕರೆ, ನಿಂಬೆರಸ ಬೆರೆಸಿ ಆಳವಾದ ಪಾತ್ರೆಗೆ ಸುರಿಯುವುದು. ಮೇಲೆ ಬೆಣ್ಣೆ ಹಾಕಿ ಕಲಸಿದ ಮೈದಾ ಹಿಟ್ಟನ್ನು ಚಮಚದಲ್ಲಿ ಅಲ್ಲಲ್ಲಿ ಹಾಕುವುದು. ಹಣ್ಣು ಕುದಿದು ಪಾಕವಾಗುವ ತನಕ, ಹಿಟ್ಟು ಉಬ್ಬಿ ಕೆಂಪಾಗುವ ತನಕ ಬೇಯಿಸುವುದು. ಕೇಕಿನ ಹಾಗೆ ಅಚ್ಚು ಬೇಡ, ಕ್ರೀಮಿನ ಅಲಂಕಾರ ಬೇಡ. ಪೈ ಮಾಡುವವರ ಹಾಗೆ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ ತಟ್ಟೆಗೆ ಹೊಂದಿಸುವ ಕಷ್ಟವೂ ಇಲ್ಲ. ಒರಟಾಗಿದ್ದಷ್ಟೂ ಚೆನ್ನ. ಇಷ್ಟು ಒರಟುತನ ಯಾಕೆ ಬಂತು ಎಂದು ಹುಡುಕುತ್ತ ಹೋದರೆ ಇದರ ಇಡೀ ಜಾತಕ ಬಿಚ್ಚಿಕೊಳ್ಳುತ್ತದೆ. ಇದು ಓವನ್ ಇದ್ದವರು ಕಂಡುಹಿಡಿದ ತಿನಿಸಲ್ಲ.

ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರಿಗೆ ಪೈ ಮತ್ತು ಪುಡಿಂಗಿನ ನೆನಪಿತ್ತು, ಅವುಗಳನ್ನು ಬೇಯಿಸುವ ಇಟ್ಟಿಗೆಯ ಒಲೆ ಎಲ್ಲರ ಮನೆಯಲ್ಲೂ ಇರಲಿಲ್ಲ. ಪಶ್ಚಿಮಕ್ಕೆ ಗಾಡಿ ಕಟ್ಟಿಕೊಂಡು ಹೊರಟವರ ಬಳಿಯಂತೂ ಇದ್ದದ್ದು ಎರಕದ ಕಬ್ಬಿಣದ ದಪ್ಪ ಪಾತ್ರೆಯೊಂದೇ. ಅದಕ್ಕೆ ಮೂರು ಕಾಲು, ಅಂಚು ಎತ್ತಿದ ಚಪ್ಪಟೆ ಮುಚ್ಚಳ. ಕಾಲುಗಳ ನಡುವೆ ಕೆಂಡ ತಳ್ಳುವುದು, ಮುಚ್ಚಳದ ಮೇಲೂ ಕೆಂಡ ಹರಡುವುದು. ಅಂಚು ಎತ್ತಿ ಮಾಡಿರುವುದೇ ಕೆಂಡ ಜಾರಿ ಬೀಳದಿರಲಿ ಎಂದು. ಡಚ್ ಓವನ್ ಎಂದು ಹೆಸರಾದ ಈ ಪಾತ್ರೆಯಲ್ಲಿ ಸಿಕ್ಕ ಹಣ್ಣು, ಇದ್ದ ಹಿಟ್ಟು ಸೇರಿ ಕಾಬ್ಲರ್ ಆಯಿತು. 1839ರಲ್ಲಿ ಪ್ರಕಟವಾದ ಲೆಟಿಸ್ ಬ್ರಯನ್ ಅವರ 'ದಿ ಕೆಂಟಕಿ ಹೌಸ್‌ವೈಫ್' ಪುಸ್ತಕದಲ್ಲಿ ಪೀಚ್ ಕಾಬ್ಲರ್ ಇದೆ. ಅತಿಥಿಗಳ ಮುಂದೆ ಇಡುವಂಥ ನಾಜೂಕಿನ ತಿನಿಸು ಇದಲ್ಲ, ಮನೆಮಂದಿಗೆ ಮಾತ್ರ ಬಹಳ ಚೆನ್ನಾಗಿರುತ್ತದೆ ಎಂಬ ಅರ್ಥದ ಮಾತನ್ನು ಆಕೆ ಅಲ್ಲಿ ಸೇರಿಸಿದ್ದಾರೆ. ಬೀಜಕ್ಕೆ ತಿರುಳು ಕಚ್ಚಿಕೊಂಡಿರುವ ಜಾತಿಯ ಪೀಚೇ ಆಗಬೇಕು ಎಂದೂ ಹೇಳುತ್ತಾರೆ. ಪುಣೆಯ ಗಾಡಿಗೆ ಮೊದಲು ಬರುವುದು ಬಹುತೇಕ ಅದೇ ಜಾತಿ.

ಕೆಳಗೂ ಕೆಂಡ, ಮೇಲೂ ಕೆಂಡ ಎಂದ ಕೂಡಲೇ ಕಾರವಾರ, ಅಂಕೋಲಾ ಕಡೆಯವರ ಕಿವಿ ನಿಮಿರಬೇಕು. ಗೋವಾ, ಮಾಲವಣ, ಕಾರವಾರದ ಕೊಂಕಣಿ ಮನೆಗಳಲ್ಲಿ ಧೊಂಡಸ್ ಎಂದೂ ತವಸಳಿ ಎಂದೂ ಕರೆಯುವ ತಿನಿಸಿದೆ. ಬಲಿತ ಸೌತೆಕಾಯಿಯ ತುರಿ, ಅಕ್ಕಿ ಅಥವಾ ಗೋಧಿ ರವೆ, ಬೆಲ್ಲ, ಕಾಯಿತುರಿ, ಕೈಗೆ ಬಂದಷ್ಟು ಗೋಡಂಬಿ. ದಪ್ಪ ತಳದ ಪಾತ್ರೆಗೆ ಸುರಿದು, ಸಣ್ಣ ಉರಿಯ ಮೇಲಿಟ್ಟು, ಮುಚ್ಚಳದ ಮೇಲೆ ಕೆಂಡ ಹರಡುತ್ತಾರೆ. ಗೋವಾದ ಕ್ರೈಸ್ತರ ಬಿಬಿಂಕ ಎಂಬ ಸಿಹಿಯ ಒಂದೊಂದು ಪದರವೂ ತೆಂಗಿನ ಸಿಪ್ಪೆಯ ಕೆಂಡದಡಿ ಹೀಗೇ ಬೇಯುತ್ತಿತ್ತು. ಇವೆಲ್ಲ ಓವನ್ ಎಂಬ ಪೆಟ್ಟಿಗೆಯನ್ನೇ ಕಾಣದ ಅಡುಗೆಮನೆಗಳ ಬೇಕಿಂಗ್. ಕೆಂಟಕಿಯ ಗೃಹಿಣಿಯೂ ಕಾರವಾರದ ಅಜ್ಜಿಯೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಉಪಾಯಕ್ಕೆ ಬಂದರು. ಒಲೆಯ ಶಾಖ ಕೆಳಗಿನಿಂದ ಮಾತ್ರ ಬರುತ್ತದೆ, ಮೇಲ್ಭಾಗ ಕೆಂಪಾಗಬೇಕಾದರೆ ಬೆಂಕಿಯನ್ನು ತಲೆಯ ಮೇಲೆ ಹೊರಬೇಕು. ಬೇರೆ ದಾರಿ ಇಲ್ಲ.

ಕರಾವಳಿಯ ಈ ಬುದ್ಧಿ ಘಟ್ಟ ಹತ್ತಿ ಪುಣೆಗೆ ಬಂದದ್ದು ಕಡಿಮೆ. ಘಟ್ಟದ ಮೇಲಿನ ಅಡುಗೆ, ಅದು ಮರಾಠಿಯದಿರಲಿ ಕನ್ನಡದ್ದಿರಲಿ, ಕಾವಲಿ, ಬಾಣಲೆ ಮತ್ತು ಆವಿಯನ್ನು ನಂಬಿಕೊಂಡಿದೆ. ಈ ಊರಿಗೆ ಬಂದ ನಮ್ಮವರೂ ಅದನ್ನೇ ಗಟ್ಟಿ ಮಾಡಿದರು. ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ವೈಶಾಲಿ, ರೂಪಾಲಿ ಹೋಟೆಲುಗಳನ್ನು ಕಟ್ಟಿ ಪುಣೇಕರರಿಗೆ ಇಡ್ಲಿ ದೋಸೆಯ ಚಟ ಹತ್ತಿಸಿದ ಜಗನ್ನಾಥ ಶೆಟ್ಟಿ ಕರಾವಳಿ ಕರ್ನಾಟಕದಿಂದ ಬಂದವರು. ಅವರ ಅಡುಗೆಮನೆ ನಡೆದದ್ದೂ ಆವಿ ಮತ್ತು ಕಾವಲಿಯ ಮೇಲೆಯೇ. ಓವನ್ನಿನ ಕಥೆ ನಡೆದದ್ದು ಮೂರು ನಾಲ್ಕು ಕಿಲೋಮೀಟರ್ ಆಚೆ, ಕ್ಯಾಂಪಿನಲ್ಲಿ.

1817ರ ನವೆಂಬರ್ 5ರಂದು ಖಡಕಿಯಲ್ಲಿ ಪೇಶ್ವೆಯ ಸೇನೆ ಸೋತ ಮೇಲೆ ಇಂಗ್ಲಿಷರು ಪುಣೆಯ ಪೂರ್ವಕ್ಕೆ ಕಂಟೋನ್ಮೆಂಟ್ ಹಾಕಿದರು, ಅದೇ ಈ ಕ್ಯಾಂಪ್. ಸೈನ್ಯಕ್ಕೆ ದಿನಾ ರೊಟ್ಟಿ ಬೇಕು, ಅಂದರೆ ಬ್ರೆಡ್ಡು. ಬ್ರೆಡ್ಡಿಗೆ ಭಟ್ಟಿ ಬೇಕು. ಮುಂದೆ ಇರಾನಿನ ಯಜ್ದ್, ಕೆರ್ಮಾನ್ ಕಡೆಯಿಂದ ಬಂದ ಜರತುಷ್ಟ್ರರು, ಇಲ್ಲಿ ಎಲ್ಲರೂ ಇರಾನಿಗಳು ಎನ್ನುವವರು, ಚಹಾದಂಗಡಿ ಮತ್ತು ಬೇಕರಿಗಳ ಕೈ ಹಿಡಿದರು. ಬೆಂಗಳೂರಿನಲ್ಲಿ ಹಾಸನ ಸೀಮೆಯ ಅಯ್ಯಂಗಾರರು ಮೊಟ್ಟೆಯಿಲ್ಲದ ಬನ್ನು, ಖಾರಾ ಬಿಸ್ಕತ್ತಿನ ದಾರಿ ಹಿಡಿದರೆ, ಪುಣೆಯಲ್ಲಿ ಇರಾನಿಗಳು ಬೆಣ್ಣೆ ಬಿಸ್ಕತ್ತು, ಮಾವಾ ಕೇಕಿನ ದಾರಿ ಹಿಡಿದರು. 1955ರಲ್ಲಿ ಈಸ್ಟ್ ಸ್ಟ್ರೀಟಿನಲ್ಲಿ ಶುರುವಾದ ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತು ಕೊಳ್ಳದೆ ಊರು ಬಿಟ್ಟರೆ ಪುಣೆಗೆ ಹೋಗಿ ಬಂದದ್ದು ನಿಜವೋ ಸುಳ್ಳೋ ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನ ಶ್ರಾಪ್‌ಶೈರಿನ ಒಂದು ಊರಿನ ಹೆಸರು ಹೊತ್ತ ಬಿಸ್ಕತ್ತು, ಇರಾನಿಯವರ ಭಟ್ಟಿಯಲ್ಲಿ ಬೆಂದು, ಚಿತಳೆ ಬಂಧುಗಳ ಬಾಕರವಡಿಯ ಪಕ್ಕದಲ್ಲಿ ಪುಣೆಯ ಗುರುತಾಗಿ ಕೂತಿದೆ.

ಭಟ್ಟಿ ಊರಿನಲ್ಲಿತ್ತು, ಮನೆಯಲ್ಲಿರಲಿಲ್ಲ. ಹಾಗೆಂದು ಮನೆಯವರು ಸುಮ್ಮನಿರಲಿಲ್ಲ. ದೀಪಾವಳಿ ಬಂತೆಂದರೆ ಹಳೆಯ ಊರಿನ ಪೇಠೆಗಳ ಹೆಂಗಸರು ಮೈದಾ, ಡಾಲ್ಡಾ ಅಥವಾ ತುಪ್ಪ, ಪುಡಿಸಕ್ಕರೆ ಕಲಸಿ ನಾನ್‌ಖಟಾಯಿ ಹಿಟ್ಟು ಸಿದ್ಧಮಾಡಿ, ಡಬ್ಬಿ ಹೊತ್ತು ಬೇಕರಿಗೆ ಹೋಗುತ್ತಿದ್ದರು. ಅಲ್ಲಿನ ಕಪ್ಪು ತಗಡಿನ ಟ್ರೇಗಳಲ್ಲಿ ಉಂಡೆ ಮಾಡಿಟ್ಟು ಸರದಿ ಕಾಯುವುದು. ಕಿಲೋ ಲೆಕ್ಕದಲ್ಲಿ ಬೇಯಿಸುವ ಕೂಲಿ ಕೊಡುವುದು. ತಮ್ಮ ಟ್ರೇ ಇನ್ನೊಬ್ಬರದರ ಜೊತೆ ಅದಲುಬದಲಾಗದಂತೆ ಕಣ್ಣಿಡುವುದು. ಬೆಳಗಾವಿ, ಹುಬ್ಬಳ್ಳಿಯವರಿಗೂ ಈ ದೃಶ್ಯ ಹೊಸದಲ್ಲ. ಒಣ ಬಿಸ್ಕತ್ತಿಗೆ ಈ ಏರ್ಪಾಡು ಸರಿ. ರಸ ಸುರಿಸುವ ಹಣ್ಣಿನ ಪಾತ್ರೆಯನ್ನು ರಿಕ್ಷಾದಲ್ಲಿ ಇಟ್ಟುಕೊಂಡು ಬೇಕರಿಗೆ ಯಾರು ಹೋಗುತ್ತಾರೆ? ಕಾಬ್ಲರ್ ಮನೆಯಲ್ಲೇ ಬೇಯಬೇಕಾದ ತಿನಿಸು. ಹಾಗಾಗಿ ಬೇಕರಿಗಳ ಊರಾದ ಪುಣೆಯ ಬೇಕರಿಗಳು ಅದನ್ನು ಗಾಜಿನ ಕಪಾಟಿನಲ್ಲಿಟ್ಟು ಮಾರಲಿಲ್ಲ. ಬಿಸಿ ಆರಿದರೆ ಅದರ ಅರ್ಧ ಜೀವ ಹೋಯಿತು, ಮರುದಿನಕ್ಕೆ ಮೇಲಿನ ಹಿಟ್ಟು ಮೆತ್ತಗಾಯಿತು. ಅಂಗಡಿಯವನಿಗೆ ಇಂಥದ್ದರಿಂದ ನಷ್ಟವೇ.

ಮನೆಯೊಳಗೆ ಮೊದಲು ಬಂದದ್ದು ಮುಚ್ಚಳದಲ್ಲಿ ಗಾಜಿನ ಕಿಂಡಿಯಿದ್ದ ಗುಂಡನೆಯ ಅಲ್ಯುಮಿನಿಯಂ ವಿದ್ಯುತ್ ಓವನ್. ಶಾಖ ಹೆಚ್ಚು ಕಡಿಮೆ ಮಾಡುವ ಗುಂಡಿ ಅದಕ್ಕಿರಲಿಲ್ಲ. ಕೇಕು ಬೆಂದಿತೋ ಇಲ್ಲವೋ ಎಂದು ಕಿಂಡಿಗೆ ಕಣ್ಣು ಹಚ್ಚಿ ಕೂರಬೇಕು, ವೈರು ಮುಟ್ಟುವಾಗ ದೇವರನ್ನು ನೆನೆಯಬೇಕು. ಅದೂ ಇಲ್ಲದವರು ಪ್ರೆಷರ್ ಕುಕ್ಕರಿನಲ್ಲಿ ಮರಳು ಹಾಕಿ, ಗ್ಯಾಸ್ಕೆಟ್ಟು, ಸೀಟಿ ತೆಗೆದು ಕೇಕು ಮಾಡಿದರು. 1970ರಲ್ಲಿ ಬಂದ ಕಮಲಾಬಾಯಿ ಓಗಲೆ ಅವರ ಅಡುಗೆ ಪುಸ್ತಕ 'ರುಚಿರಾ' ಮರಾಠಿ ಮನೆಗಳ ಮದುವೆಯ ಉಡುಗೊರೆಯೇ ಆಗಿಹೋಯಿತು. ತಕ್ಕಡಿ ಇಲ್ಲದವರೂ ಅಳೆಯಲಿ ಎಂದು ಎಲ್ಲವನ್ನೂ ವಾಟಿ (ಸಣ್ಣ ಬಟ್ಟಲು), ಚಮಚಗಳ ಲೆಕ್ಕದಲ್ಲಿ ಕೊಟ್ಟದ್ದು ಅದರ ಹೆಚ್ಚುಗಾರಿಕೆ. ನನ್ನ ಕಾಬ್ಲರ್ ಲೆಕ್ಕವೂ ಈಗ ವಾಟಿಯದೇ.

ಇನ್ನೊಂದು ಸಾಮಾನು ಪುಣೆಯಲ್ಲೇ ತಯಾರಾಗುತ್ತಿತ್ತು, ಆ ಕಡೆ ನಮ್ಮ ಗಮನ ಹೋಗುವುದಿಲ್ಲ. ಕಾಬ್ಲರಿನ ಹಿಟ್ಟು ಉಬ್ಬುವುದು ಬೇಕಿಂಗ್ ಪೌಡರಿನಿಂದ. ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್‌ಫ್ರೆಡ್ ಬರ್ಡ್ ಎಂಬಾತನ ಹೆಂಡತಿಗೆ ಮೊಟ್ಟೆಯೂ ಯೀಸ್ಟೂ ಆಗಿಬರುತ್ತಿರಲಿಲ್ಲ. ಆಕೆಗಾಗಿ ಆತ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪೌಡರನ್ನೂ 1843ರಲ್ಲಿ ಬೇಕಿಂಗ್ ಪೌಡರನ್ನೂ ತಯಾರಿಸಿದ. ಅಮೆರಿಕದಲ್ಲಿ ಏಬೆನ್ ಹಾರ್ಸ್‌ಫರ್ಡ್ 1856ರಲ್ಲಿ ಇದಕ್ಕೆ ಬೇಕಾಗುವ ಹುಳಿಪುಡಿಗೆ ಪೇಟೆಂಟ್ ಪಡೆದ ಮೇಲೆ ಅಲ್ಲಿನ ಅಡುಗೆಮನೆಗಳಲ್ಲೂ ದಿಢೀರ್ ಉಬ್ಬುವ ಹಿಟ್ಟಿನ ಕಾಲ ಬಂತು, ದಪ್ಪ ಹಿಟ್ಟಿನ ಹಳೆಯ ಕಾಬ್ಲರ್ ಹಗುರಾಯಿತು. ಸರಿಯಾಗಿ ನೂರು ವರ್ಷದ ಮೇಲೆ, 1956ರಲ್ಲಿ, ಪುಣೆಯಲ್ಲಿ ವೀಕ್‌ಫೀಲ್ಡ್ ಕಂಪನಿ ಶುರುವಾಯಿತು. ಕಸ್ಟರ್ಡ್ ಪೌಡರ್, ಕಾರ್ನ್‌ಫ್ಲೋರ್, ಬೇಕಿಂಗ್ ಪೌಡರ್: ಕಾಬ್ಲರಿಗೆ ಮತ್ತು ಅದರ ಮೇಲೆ ಸುರಿಯುವ ಕಸ್ಟರ್ಡಿಗೆ ಬೇಕಾದ ಡಬ್ಬಿಗಳೆಲ್ಲ ಈ ಊರಿನವೇ. ಮೊಟ್ಟೆ ಮುಟ್ಟದ ಮನೆಗಳೇ ಹೆಚ್ಚಿದ್ದ ಪೇಠೆಗಳಲ್ಲಿ ಬರ್ಡ್ ಸಾಹೇಬನ ಹೆಂಡತಿಯ ಅಲರ್ಜಿ ಎಷ್ಟು ಉಪಕಾರ ಮಾಡಿತು ನೋಡಿ. ಕಾಬ್ಲರಿಗೂ ಮೊಟ್ಟೆ ಬೇಕಿಲ್ಲ.

ಹೀಗೆ ಒಲೆ ಬಂತು, ಪುಡಿ ಬಂತು. ಹಣ್ಣು?

ಪೀಚ್ ಹುಟ್ಟಿದ್ದು ಚೀನಾದಲ್ಲಿ. ಯಾಂಗ್‌ಟ್ಸೆ ನದಿಯ ಬಯಲಿನಲ್ಲಿ ಏಳು ಸಾವಿರ ವರ್ಷಕ್ಕೂ ಹಿಂದಿನ ಪೀಚ್ ಬೀಜಗಳು ಸಿಕ್ಕಿವೆ. ಭಾರತಕ್ಕೆ ಅದು ಬಂದ ಬಗೆಯನ್ನು ಏಳನೆಯ ಶತಮಾನದಲ್ಲಿ ಇಲ್ಲಿ ತಿರುಗಾಡಿದ ಹ್ಯುಯೆನ್ ತ್ಸಾಂಗ್ ಬರೆದಿಟ್ಟಿದ್ದಾನೆ. ಕನಿಷ್ಕನ ಆಸ್ಥಾನದಲ್ಲಿ ಒತ್ತೆಯಾಳುಗಳಾಗಿದ್ದ ಚೀನೀಯರಿಗೆ ಚಳಿಗಾಲ ಕಳೆಯಲು ಪಂಜಾಬಿನಲ್ಲಿ ಜಾಗ ಕೊಟ್ಟಿದ್ದರಂತೆ. ಪೀಚನ್ನೂ ಪೇರನ್ನೂ ಅವರೇ ಅಲ್ಲಿ ನೆಟ್ಟರಂತೆ. ಕಥೆಯೋ ಚರಿತ್ರೆಯೋ, ಸೆರೆಯಲ್ಲಿದ್ದವರು ಕೊಟ್ಟುಹೋದ ಹಣ್ಣು ಎಂಬ ನಂಬಿಕೆ ಅವನ ಕಾಲಕ್ಕೆ ಇಲ್ಲಿ ಗಟ್ಟಿಯಾಗಿತ್ತು.

ದಕ್ಷಿಣಕ್ಕೂ ಅದು ಬಂದಿತ್ತು. 1800ರ ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್, ಟಿಪ್ಪು ಸತ್ತು ಒಂದು ವರ್ಷವಾಗಿದ್ದ ಆ ಹೊತ್ತಿನಲ್ಲಿ ಸುಲ್ತಾನರ ತೋಟಗಳನ್ನು ನೋಡಿದ. ಸೈಪ್ರೆಸ್ ಮರಗಳು, ದ್ರಾಕ್ಷಿ ಬಳ್ಳಿ, ಸ್ಟ್ರಾಬೆರಿ ಜೊತೆಗೆ ಸೇಬು ಮತ್ತು ಪೀಚ್ ಗಿಡಗಳು ಫಲ ಬಿಡುತ್ತಿದ್ದುದನ್ನು ದಾಖಲಿಸಿದ. ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನೋಡಲು ನೂಕುನುಗ್ಗಲಿನಲ್ಲಿ ನಿಲ್ಲುವ ನಮಗೆ ಇದು ನೆನಪಿರುವುದಿಲ್ಲ. ಆದರೆ ಪೀಚ್ ಮೈದಾನದ ಗಿಡವಾಗಲಿಲ್ಲ. ಅದರ ಮೊಗ್ಗು ಎಚ್ಚರಾಗಬೇಕಾದರೆ ಮೊದಲು ಚೆನ್ನಾಗಿ ನಿದ್ದೆ ಮಾಡಬೇಕು: ಚಳಿಗಾಲದಲ್ಲಿ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ನೂರಾರು ಗಂಟೆ ಸಿಗಬೇಕು. ಪುಣೆಯ ಡಿಸೆಂಬರಿನ ಬೆಳಗುಗಳು ಸ್ವೆಟರ್ ಹಾಕಿಸುತ್ತವೆ ನಿಜ, ಮಧ್ಯಾಹ್ನಕ್ಕೆ ಬಿಸಿಲು ಬಂದು ಎಲ್ಲ ಲೆಕ್ಕ ತಪ್ಪಿಸುತ್ತದೆ. ನೀಲಗಿರಿ, ಕೊಡೈಕೆನಾಲಿನ ಎತ್ತರದಲ್ಲಿ ಬೆಳೆಯುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿ ಕಡಿಮೆ ಚಳಿ ಸಾಕಾಗುವ ತಳಿಗಳನ್ನು ಮಾಡಿದ ಮೇಲೆ ಪಂಜಾಬಿನ ಬಯಲಿನಲ್ಲೂ ಬೆಳೆಯಿತು. ಪುಣೆಗೆ ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಬರುವ ಮೊದಲ ಸಣ್ಣ ಹಣ್ಣುಗಳು ಆ ಬಗೆಯವು.

ಜೂನ್ ಕೊನೆ, ಜುಲೈನ ಹಣ್ಣಿನ ವಂಶಾವಳಿ ಬೇರೆ. ಹಿಮಾಚಲದ ಸಿರ್ಮೌರ್ ಜಿಲ್ಲೆಯ ರಾಜಗಢಕ್ಕೆ ಪೀಚ್ ಕಣಿವೆ ಎಂದೇ ಹೆಸರು. ಅಲ್ಲಿನ ಮುಖ್ಯ ತಳಿಗಳಲ್ಲಿ ಒಂದು ಜುಲೈ ಎಲ್ಬರ್ಟಾ. ಈ ಎಲ್ಬರ್ಟಾ ಯಾರು ಎಂದರೆ, ಅಮೆರಿಕದ ಜಾರ್ಜಿಯಾ ರಾಜ್ಯದ ಮಾರ್ಷಲ್‌ವಿಲ್ ಊರಿನ ತೋಟಗಾರ ಸ್ಯಾಮ್ಯುಯೆಲ್ ರಂಫ್‌ನ ಹೆಂಡತಿ. 1870ರ ದಶಕದಲ್ಲಿ ತನ್ನ ತೋಟದಲ್ಲಿ ಹುಟ್ಟಿದ, ಹಳದಿ ತಿರುಳಿನ, ಬೀಜ ಸಲೀಸಾಗಿ ಬಿಡುವ ಹೊಸ ಪೀಚಿಗೆ ರಂಫ್ ಆಕೆಯ ಹೆಸರಿಟ್ಟ. ಐಸ್ ತುಂಬಿದ ಪೆಟ್ಟಿಗೆಗಳಲ್ಲಿ ಅದನ್ನು ನ್ಯೂಯಾರ್ಕಿಗೆ ಕಳಿಸುವುದು ಹೇಗೆಂದು ತೋರಿಸಿಕೊಟ್ಟ. ಜಾರ್ಜಿಯಾ 'ಪೀಚ್ ರಾಜ್ಯ' ಎನಿಸಿಕೊಂಡದ್ದರ ಹಿಂದೆ ಈ ಹಣ್ಣಿದೆ. ಅದರ ತಾಯಿಗಿಡ ಚೈನೀಸ್ ಕ್ಲಿಂಗ್, 1850ರ ಸುಮಾರಿಗೆ ಚೀನಾದಿಂದ ಅಮೆರಿಕ ತಲುಪಿದ್ದು. ಅಂದರೆ ಕನಿಷ್ಕನ ಕಾಲದಲ್ಲಿ ನಡೆದು ಬಂದ ಹಣ್ಣೇ ಇನ್ನೊಮ್ಮೆ ಸಮುದ್ರ ಸುತ್ತಿ, ಜಾರ್ಜಿಯಾದ ಹೆಂಗಸೊಬ್ಬಳ ಹೆಸರು ಕಟ್ಟಿಕೊಂಡು ಹಿಮಾಲಯಕ್ಕೆ ಬಂತು. ಹಿಮಾಚಲದ ಸೇಬಿನ ಕಥೆಯೂ ಹೀಗೇ: ಕೋಟಗಢದಲ್ಲಿ ಅಮೆರಿಕದ ಸೇಬು ನೆಟ್ಟವರು ಅಮೆರಿಕದಿಂದಲೇ ಬಂದು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದ ಸತ್ಯಾನಂದ ಸ್ಟೋಕ್ಸ್. ರಾಜಗಢದ ಪೀಚ್ ತೋಟಗಳನ್ನು ಈಚಿನ ವರ್ಷಗಳಲ್ಲಿ ಫೈಟೊಪ್ಲಾಸ್ಮಾ ರೋಗ ಕಾಡುತ್ತಿದೆ, ಬೆಳೆಗಾರರು ಗಿಡ ಕಿತ್ತು ಬೇರೆ ಹಣ್ಣಿನತ್ತ ತಿರುಗುತ್ತಿದ್ದಾರೆ. ಗಾಡಿಯ ಮುಂದೆ ಚೌಕಾಸಿ ಮಾಡುವಾಗ ಇದೂ ತಲೆಯಲ್ಲಿರಲಿ.

ಸಿರ್ಮೌರಿನಿಂದ ಪುಣೆಗೆ ಸಾವಿರದೈನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಮಾಗಿದ ಪೀಚ್ ಅಷ್ಟು ದೂರ ಲಾರಿಯಲ್ಲಿ ಬಂದರೆ ಉಳಿಯುವುದು ಪಾನಕ. ಹಾಗಾಗಿ ಗಟ್ಟಿ ಇರುವಾಗಲೇ ಕೀಳುತ್ತಾರೆ. ಕಿತ್ತ ಮೇಲೆ ಹಣ್ಣು ಮೆತ್ತಗಾಗುತ್ತದೆ, ಪರಿಮಳ ಬರುತ್ತದೆ. ಸಿಹಿ ಮಾತ್ರ ಹೆಚ್ಚುವುದಿಲ್ಲ, ಅದನ್ನು ಗಿಡದಲ್ಲೇ ತುಂಬಿಕೊಂಡಿರಬೇಕು. ಮೇಲಾಗಿ 2ರಿಂದ 8 ಡಿಗ್ರಿಯ ನಡುವಿನ ತಂಪಿನಲ್ಲಿ ಬಹಳ ದಿನ ಇಟ್ಟರೆ ತಿರುಳಿನ ರಸ ಹಿಂಗಿ ಹತ್ತಿ ಅಗಿದ ಹಾಗಾಗುತ್ತದೆ. ನಮ್ಮ ಫ್ರಿಜ್ಜು ಇರುವುದೇ ಆ ತಂಪಿನಲ್ಲಿ. ಗಾಡಿಯ ಪೀಚ್ ಬಾಯಿಗೆ ರುಚಿಸದಿರಲು ಇವೇ ಕಾರಣ, ಅದರಲ್ಲಿ ಮಾರುವವರ ತಪ್ಪಿಲ್ಲ. ಹುಳಿ, ಗಟ್ಟಿತನ ಎರಡೂ ಒಲೆಗೆ ಹೋದರೆ ಗುಣಗಳೇ. ಪೂರ್ತಿ ಮಾಗಿ ರಸ ಸುರಿಯುವ ಹಣ್ಣು ಕಾಬ್ಲರಿನಲ್ಲಿ ಕರಗಿ ಜಾಮ್ ಆಗಿಬಿಡುತ್ತದೆ. ಅರೆಗಟ್ಟಿ ಹುಳಿಹಣ್ಣು ಹೋಳಾಗಿಯೇ ನಿಲ್ಲುತ್ತದೆ, ಸಕ್ಕರೆಗೆ ಎದುರಾಡುತ್ತದೆ.

ಕೊಳ್ಳುವಾಗ ಕೆಂಪು ನೋಡಬೇಡಿ. ಕೆಂಪು ಎಂದರೆ ಬಿಸಿಲು ಬಿದ್ದ ಗುರುತು ಮಾತ್ರ. ತೊಟ್ಟಿನ ಸುತ್ತಲಿನ ಬಣ್ಣ ನೋಡಿ: ಹಸಿರು ಹೋಗಿ ಹಳದಿಯಾಗಿದ್ದರೆ ಬಲಿತಿದೆ, ಮನೆಯಲ್ಲಿ ಎರಡು ಮೂರು ದಿನ ಹೊರಗೇ ಇಟ್ಟರೆ ದಾರಿಗೆ ಬರುತ್ತದೆ. ಹಣ್ಣು ಕೊಳ್ಳಲು ಕ್ಯಾಂಪಿನ ಶಿವಾಜಿ ಮಾರ್ಕೆಟ್ಟಿಗೆ ಹೋಗಬಹುದು, ಅದು ಮೊದಲು ಕನಾಟ್ ಮಾರ್ಕೆಟ್ ಆಗಿತ್ತು. ನಾನು ಹೋಗುವುದು ಮಂಡಈಗೆ. 1886ರಲ್ಲಿ ರೇ ಮಾರ್ಕೆಟ್ ಎಂದು ಗವರ್ನರನ ಹೆಸರಿನಲ್ಲಿ ತೆರೆದ ಕಲ್ಲಿನ ಕಟ್ಟಡ ಅದು. ಮಾರುಕಟ್ಟೆಗೆ ಇಷ್ಟೊಂದು ದುಡ್ಡು ಸುರಿಯುವ ಬದಲು ಓದಿಗೆ ಖರ್ಚು ಮಾಡಿ ಎಂದು ವಿರೋಧಿಸಿದವರು ಜೋತಿಬಾ ಫುಲೆ. ಈಗ ಆ ಮಾರುಕಟ್ಟೆಗೆ ಅವರದೇ ಹೆಸರು. ಕಟ್ಟಡ ಚೆನ್ನಾಗಿದೆ, ಫುಲೆಯವರ ಮಾತೂ ಸರಿಯಿತ್ತು.

ಈಗ ಅಡುಗೆಮನೆಗೆ ಬರೋಣ. ಒಂದು ಕಿಲೋ ಪೀಚ್ ಆರು ಜನರಿಗೆ ಸಾಕು. ಪ್ರತಿ ಹಣ್ಣಿನ ಬುಡದಲ್ಲಿ ಚಾಕುವಿನಿಂದ ಅಡ್ಡ ಉದ್ದ ಗೀರಿ, ಕುದಿಯುವ ನೀರಿಗೆ ಒಂದು ನಿಮಿಷ ಬಿಟ್ಟು, ತಕ್ಷಣ ತಣ್ಣೀರಿಗೆ ಹಾಕಿ. ಬಲಿತ ಹಣ್ಣಾದರೆ ಗೀರಿದ ಮೂಲೆಯನ್ನು ಹಿಡಿದೆಳೆದರೆ ಸಿಪ್ಪೆ ಬಿಟ್ಟುಬರುತ್ತದೆ, ಒಳಗಿನ ತಿರುಳಿನ ಮೇಲೆ ಕೆಂಪು ನವಿರಾದ ಗೆರೆಗಳು ಉಳಿದಿರುತ್ತವೆ. ಬಿಡಲಿಲ್ಲವೆಂದರೆ ಕಾಯಿ ಎಂದರ್ಥ, ಪೀಲರ್ ತೆಗೆದುಕೊಳ್ಳಿ. ಬೀಜ ಕಚ್ಚಿಕೊಂಡ ಜಾತಿಯನ್ನು ಎರಡು ಹೋಳು ಮಾಡಲು ಹೆಣಗಬೇಡಿ; ಮಾವಿನಕಾಯಿ ಹೆಚ್ಚುವಂತೆ ಗೊರಟದ ಸುತ್ತ ಕೆತ್ತಿ ತೆಗೆಯಿರಿ. ಬೀಜ ಒಡೆದು ಒಳಗಿನ ಬೇಳೆಯನ್ನು ಬಾದಾಮಿಯ ಹಾಗಿದೆ ಎಂದು ಹಾಕುವ ಸಾಹಸ ಖಂಡಿತ ಬೇಡ, ಅದರಲ್ಲಿ ಹೊಟ್ಟೆಯಲ್ಲಿ ಸೈನೈಡ್ ಆಗುವ ಅಂಶವಿದೆ.

ಹೋಳುಗಳಿಗೆ ಅರ್ಧ ವಾಟಿ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, ಒಂದು ಚಿಟಿಕೆ ಶುಂಠಿಪುಡಿ. ಅಮೆರಿಕದವರು ದಾಲ್ಚಿನ್ನಿ ಹಾಕುತ್ತಾರೆ. ನನಗೆ ದಾಲ್ಚಿನ್ನಿ ಬಿದ್ದರೆ ಎಲ್ಲವೂ ಪುಲಾವಿನ ನೆನಪು ತರುತ್ತದೆ, ಪೀಚಿನ ಪರಿಮಳ ಹಿಂದೆ ಬೀಳುತ್ತದೆ. ಏಲಕ್ಕಿಯೂ ಬೇಡ, ಅದು ಬಂದರೆ ಕಾಬ್ಲರ್ ಶಿರಾ ಆಗುತ್ತದೆ. ಇದನ್ನು ಎಂಟು ಅಂಗುಲ ಅಗಲದ ಆಳವಾದ ಗಾಜಿನ ಅಥವಾ ಸ್ಟೀಲಿನ ಪಾತ್ರೆಗೆ ಸುರಿದು, 190 ಡಿಗ್ರಿಗೆ ಕಾಯಿಸಿಟ್ಟ ಓವನ್ನಿನಲ್ಲಿ ಮೊದಲು ಹದಿನೈದು ನಿಮಿಷ ಬರೀ ಹಣ್ಣನ್ನೇ ಬೇಯಿಸಿ. ಈ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ತಣ್ಣನೆಯ ಹಣ್ಣಿನ ಮೇಲೆ ಹಿಟ್ಟು ಹಾಕಿದರೆ ಮೇಲೆ ಕೆಂಪಾಗಿರುತ್ತದೆ, ಅಡಿಯಲ್ಲಿ ಅಂಟಂಟು ಹಸಿ ಹಿಟ್ಟು. ಕುದಿಯುವ ಹಣ್ಣಿನ ಮೇಲೆ ಬಿದ್ದ ಹಿಟ್ಟು ಕೆಳಗಿನಿಂದ ಆವಿಯಲ್ಲಿ ಬೇಯುತ್ತದೆ, ಮೇಲಿನಿಂದ ಶಾಖಕ್ಕೆ ಗರಿಯಾಗುತ್ತದೆ. ಕಡುಬು ಮತ್ತು ಬಿಸ್ಕತ್ತು ಎರಡೂ ಒಂದೇ ತುತ್ತಿನಲ್ಲಿ.

ಹಣ್ಣು ಒಳಗಿರುವಾಗ ಹಿಟ್ಟು: ಎರಡು ವಾಟಿ ತುಂಬ ಮೈದಾ, ಎಂದರೆ ಸುಮಾರು 200 ಗ್ರಾಂ, ಎರಡು ಸಣ್ಣ ಚಮಚ ಬೇಕಿಂಗ್ ಪೌಡರ್, ಎರಡು ದೊಡ್ಡ ಚಮಚ ಸಕ್ಕರೆ. ಉಪ್ಪುಬೆಣ್ಣೆಯ 100 ಗ್ರಾಮಿನ ಪೊಟ್ಟಣ ಒಂದು, ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದು; ಹಾಗಾಗಿ ಬೇರೆ ಉಪ್ಪು ಬೇಡ. ಬೆಣ್ಣೆಯನ್ನು ತುರಿಮಣೆಯಲ್ಲಿ ತುರಿದು ಹಿಟ್ಟಿಗೆ ಬೆರಳ ತುದಿಯಲ್ಲಿ ಉಜ್ಜಿ. ಅಂಗೈ ಹಾಕಿದರೆ ಬೆಣ್ಣೆ ಕರಗುತ್ತದೆ. ರವೆಯ ಹಾಗಾದಾಗ ಅರ್ಧ ವಾಟಿಗಿಂತ ತುಸು ಹೆಚ್ಚು ತಣ್ಣನೆಯ ದಪ್ಪ ಮಜ್ಜಿಗೆ ಹಾಕಿ ಫೋರ್ಕಿನಿಂದ ಕೂಡಿಸಿ. ಇಲ್ಲಿ ಕೈ ತಡೆಯಬೇಕು. ಚಪಾತಿ ಹಿಟ್ಟು ನಾದಿ ರೂಢಿಯಾದ ಕೈಗೆ ಗಂಟುಗಂಟಾದ ಹಿಟ್ಟು ಕಂಡರೆ ಸುಮ್ಮನಿರಲಾಗುವುದಿಲ್ಲ. ನಾದಿದರೆ ಮೈದಾದ ಅಂಟು ಎಚ್ಚೆತ್ತು ಹಿಟ್ಟು ಬಿರುಸಾಗುತ್ತದೆ. ಒರಟಾಗಿಯೇ ದೊಡ್ಡ ಚಮಚದಲ್ಲಿ ಎತ್ತಿ ಬಿಸಿ ಹಣ್ಣಿನ ಮೇಲೆ ಎಂಟು ಹತ್ತು ಕಡೆ ಹಾಕಿ. ನಡುವೆ ಜಾಗ ಬಿಡಿ, ರಸದ ಆವಿ ಹೊರಬರಬೇಕು. ಮೇಲೆ ಒಂದಿಷ್ಟು ಸಕ್ಕರೆ ಉದುರಿಸಿ ಮತ್ತೆ ಮೂವತ್ತು ನಿಮಿಷ. ಅಂಚಿನಲ್ಲಿ ಕುದಿಯುವ ರಸದ ಗುಳ್ಳೆ ತೆಳ್ಳಗಿದ್ದರೆ ಇನ್ನೂ ಆಗಿಲ್ಲ. ಗುಳ್ಳೆ ದಪ್ಪನಾಗಿ, ನಿಧಾನವಾಗಿ ಒಡೆಯತೊಡಗಿದರೆ ಪಾಕ ಕಟ್ಟಿದೆ. ನಡುವಿನ ಉಂಡೆಗೆ ಕಡ್ಡಿ ಚುಚ್ಚಿ ನೋಡಿ ಇಳಿಸಿ. ಅರ್ಧ ಗಂಟೆ ಮುಟ್ಟದೆ ಬಿಟ್ಟರೆ ರಸ ಗಟ್ಟಿಯಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಈ ಅರ್ಧ ಗಂಟೆಯೇ ಕಷ್ಟದ್ದು.

ಮೈಕ್ರೋವೇವ್ ಓವನ್ ಇರುವವರು ಕನ್ವೆಕ್ಷನ್ ಗುಂಡಿ ಒತ್ತಬೇಕು, ಮೈಕ್ರೋದಲ್ಲಿ ಹಿಟ್ಟು ಬಣ್ಣ ತಿರುಗುವುದಿಲ್ಲ. ಏನೂ ಇಲ್ಲದವರಿಗೆ ಕಾರವಾರದ ದಾರಿಯಿದೆ. ದಪ್ಪ ಅಲ್ಯುಮಿನಿಯಂ ಪಾತೇಲಿಯ ತಳಕ್ಕೆ ಉಪ್ಪು ಅಥವಾ ಮರಳು ಹರಡಿ ಕಾಯಿಸಿ, ಒಳಗೆ ಸ್ಟ್ಯಾಂಡ್ ಇಟ್ಟು ಕಾಬ್ಲರಿನ ಪಾತ್ರೆ ಕೂರಿಸಿ, ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಕೊನೆಯ ಹತ್ತು ನಿಮಿಷ ಮುಚ್ಚಳ ತೆಗೆದು, ಇನ್ನೊಂದು ಒಲೆಯಲ್ಲಿ ಹೊಗೆಯಾಡುವ ತನಕ ಕಾಯಿಸಿದ ದಪ್ಪ ಕಬ್ಬಿಣದ ಕಾವಲಿಯನ್ನು ಬೋರಲು ಮುಚ್ಚಿ; ಆರಿದರೆ ಮತ್ತೊಮ್ಮೆ ಕಾಯಿಸಿ ಮುಚ್ಚಿ. ಓವನ್ನಿನ ಬಂಗಾರದ ಬಣ್ಣ ಬರುವುದಿಲ್ಲ, ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಕಂದುತ್ತದೆ. ರುಚಿಯಲ್ಲಿ ಕಡಿಮೆಯೇನಿಲ್ಲ. ಕಾಬ್ಲರ್ ಹುಟ್ಟಿದ್ದೂ ಹೀಗೆ ತಾನೇ.

ಪೀಚ್ ಮುಗಿದ ಮೇಲೆ? ಪುಣೆಯವರಿಗೆ ವರ್ಷವಿಡೀ ಚಿಂತೆಯಿಲ್ಲ. ಸಾಸವಡದ ಸುತ್ತಲಿನ ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಮಹಾಬಳೇಶ್ವರದ ಸ್ಟ್ರಾಬೆರಿಗೆ 2010ರಲ್ಲೇ ಸಿಕ್ಕಿತ್ತು. ಸ್ಟ್ರಾಬೆರಿ ಕಾಬ್ಲರ್ ಬಹಳ ನೀರಾಗುತ್ತದೆ, ಕಾರ್ನ್‌ಫ್ಲೋರ್ ಇಮ್ಮಡಿ ಮಾಡಬೇಕು. ನನಗೆ ಅದು ಅಷ್ಟಾಗಿ ಹಿಡಿಸಿಲ್ಲ. ಅಂಜೂರ ಚೆನ್ನ, ಸಕ್ಕರೆ ಅರ್ಧಕ್ಕಿಳಿಸಿ ನಿಂಬೆ ಹೆಚ್ಚಿಸಬೇಕು. ಹಾಪೂಸನ್ನು ಮಾತ್ರ ದಯವಿಟ್ಟು ಓವನ್ನಿಗೆ ಹಾಕಬೇಡಿ. ಅದು ಹಾಗೇ ತಿನ್ನುವ ಹಣ್ಣು.

ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯ ಪೇಟೆಗೂ ಜೂನ್, ಜುಲೈನಲ್ಲಿ ಇದೇ ಉತ್ತರದ ಪೀಚ್ ಬರುತ್ತದೆ. ಗಟ್ಟಿ ಇದೆ, ಹುಳಿ ಇದೆ ಎಂದು ಬಿಟ್ಟುಬರಬೇಡಿ. ಒಂದು ಕಿಲೋ ತನ್ನಿ, ಫ್ರಿಜ್ಜಿನ ಹೊರಗಿಡಿ, ಮೂರನೆಯ ದಿನ ಒಲೆ ಹಚ್ಚಿ. ಮಾಡಿದ ದಿನವೇ ತಿಂದು ಮುಗಿಸಿ.